ರಸೀದಿ ಕೇಳಿದ ಗೌಂಡಿ: ಪುಣೆಯ ಐವರು ವಿದ್ಯಾರ್ಥಿಗಳ ಒಂದು ಪ್ರಕರಣ

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಕಾಲೇಜು, ಬಡಾವಣೆ, ಗುತ್ತಿಗೆದಾರರು ಯಾರ ಗುರುತೂ ಸಿಗಬಾರದೆಂದು ಕೆಲವು ಸಣ್ಣ ವಿವರಗಳನ್ನು ಬದಲಾಯಿಸಿದ್ದೇನೆ. ಐವರು ವಿದ್ಯಾರ್ಥಿಗಳೂ ಓದಿ ಒಪ್ಪಿದ್ದಾರೆ. ನಾನು ಅವರ ಮಾರ್ಗದರ್ಶಿ ಅಧ್ಯಾಪಕ. ಊರು ವಿಜಯಪುರದ ಕಡೆ, ಅನ್ನ ಪುಣೆಯದು.

ಓದು ಮುಗಿಸುವ ಹೊತ್ತಿನಲ್ಲಿ ಕೆಲವು ಹುಡುಗ ಹುಡುಗಿಯರು ಸಂಬಳದ ಕೆಲಸ ಪಕ್ಕಕ್ಕಿಟ್ಟು, ಜನರ ಒಂದು ತೊಂದರೆಯನ್ನು ಬಿಡಿಸುವುದನ್ನೇ ಉದ್ಯಮ ಮಾಡಿಕೊಂಡು ಬದುಕುತ್ತೇವೆ ಅನ್ನುತ್ತಾರೆ. ಸಾಮಾಜಿಕ ಉದ್ಯಮಶೀಲತೆ ಅಂತ ನಾವು ಪಾಠದಲ್ಲಿ ಕರೆಯುವುದು ಇದನ್ನೇ. ಯಾರು ಹಾಗೆ ಅನ್ನುತ್ತಾರೆ, ಯಾಕೆ ಅನ್ನುತ್ತಾರೆ? ನನಗೆ ಉತ್ತರ ಗೊತ್ತಿದೆ ಅಂದುಕೊಂಡಿದ್ದೆ. ಮರುಕ ಜಾಸ್ತಿ ಇರುವವರು, ದೊಡ್ಡವರ ಕತೆ ಕೇಳಿ ಮನಸ್ಸು ತುಂಬಿ ಬಂದವರು ಆ ದಾರಿ ಹಿಡಿಯುತ್ತಾರೆ ಅನ್ನುವುದು ನನ್ನ ನಂಬಿಕೆಯಾಗಿತ್ತು. ಈ ಐವರು ಅದನ್ನು ಬದಲಾಯಿಸಿದರು.

ಅಡ್ಡಾ ಮತ್ತು ಐವರು

ಪುಣೆಯಲ್ಲಿ ಬೆಳಗ್ಗೆ ಏಳೂವರೆಗೆ ಕೆಲವು ಚೌಕಗಳಲ್ಲಿ ನಿಂತರೆ ಕನ್ನಡ ಕೇಳಿಸುತ್ತದೆ. ದಿನಗೂಲಿ ಹುಡುಕಿ ನಿಂತವರ ಜಾಗ ಅದು. ಇಲ್ಲಿ ಅದನ್ನು ಮಜೂರ ಅಡ್ಡಾ ಅನ್ನುತ್ತಾರೆ. ಗಾರೆ ಕೆಲಸದ ಗೌಂಡಿಗಳು, ಸೆಂಟ್ರಿಂಗ್ ಕೆಲಸದವರು, ಬುಟ್ಟಿ ಹೊರುವ ಹೆಂಗಸರು ನಿಂತಿರುತ್ತಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು ಸಾಕಷ್ಟು ಮಂದಿ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಸೊಲ್ಲಾಪುರ ದಾಟಿ ಬಂದವರು. ಭೀಮಾ ನದಿ ಹುಟ್ಟುವುದು ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ನೀರು ಇಲ್ಲಿಂದ ಅವರ ಊರಿಗೆ ಇಳಿದು ಹೋಗುತ್ತದೆ. ಅವರು ಅಲ್ಲಿಂದ ಇಲ್ಲಿಗೆ ಹತ್ತಿ ಬರುತ್ತಾರೆ. ಆ ಚೌಕದಲ್ಲಿ ನಿಂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಇವರಿಗಾಗಿ ಒಂದು ಕಾನೂನು ಇತ್ತು, 2025ರ ನವೆಂಬರಿನಲ್ಲಿ ಅದು ಹೊಸ ಕಾರ್ಮಿಕ ಸಂಹಿತೆಗಳೊಳಗೆ ಸೇರಿತು. 1996ರ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಾಯ್ದೆ. ಅದರ ಕೆಳಗೆ ಹುಟ್ಟಿದ ಕಲ್ಯಾಣ ಮಂಡಳಿ ಮಹಾರಾಷ್ಟ್ರದಲ್ಲಿದೆ. ಕಟ್ಟಡದ ವೆಚ್ಚದ ಶೇಕಡಾ 1ರಷ್ಟು ಸೆಸ್ ಅನ್ನುವ ತೆರಿಗೆ ಅದಕ್ಕೆ ಹೋಗುತ್ತದೆ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಹೆಸರು ನೋಂದಾಯಿಸಬಹುದು. ಆಮೇಲೆ ಮಕ್ಕಳ ಓದಿಗೆ, ಹೆರಿಗೆಗೆ, ಅಪಘಾತವಾದರೆ ನೆರವು ಸಿಗುತ್ತದೆ. ಒಂದರಿಂದ ಏಳನೇ ತರಗತಿಯ ಮಗುವಿಗೆ ವರ್ಷಕ್ಕೆ 2,500 ರೂಪಾಯಿ, ಎಂಟರಿಂದ ಹತ್ತಕ್ಕೆ 5,000. ಶಾಲೆಯ ಹಾಜರಿ ಶೇಕಡಾ 75 ಇರಬೇಕು. ಪ್ರತಿ ವರ್ಷ ನವೀಕರಣ ಮಾಡಿಸಬೇಕು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಇದೇ ಮುಖ್ಯವಾಗುತ್ತದೆ.

ಹಕ್ಕು ಇದೆ, ಆದರೆ ಅದರ ಕಾಗದ ಮರಾಠಿಯಲ್ಲಿದೆ. ಅರ್ಜಿ ಆನ್‌ಲೈನ್. ನಮ್ಮ ಜನಕ್ಕೆ ಮರಾಠಿ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ಏಜೆಂಟರು ಹುಟ್ಟಿಕೊಂಡಿದ್ದರು. ನಾವು ಹೋದ ಅಡ್ಡಾದಲ್ಲಿ ಒಂದು ನೋಂದಣಿಗೆ ಒಂದೂವರೆ ಸಾವಿರದಿಂದ ಎರಡು ಸಾವಿರದವರೆಗೆ ತೆಗೆದುಕೊಳ್ಳುತ್ತಿದ್ದರು. ಅಂದರೆ ಎರಡು ಮೂರು ದಿನದ ಪಗಾರ. ಕೆಲವರ ದುಡ್ಡೂ ಹೋಗಿತ್ತು, ಕಾರ್ಡೂ ಬಂದಿರಲಿಲ್ಲ.

ಈ ಕೆಲಸಕ್ಕೆ ಎರಡನೇ ವರ್ಷದ ಐವರು ಸೇರಿಕೊಂಡರು.

ಮೊದಲನೆಯವನು ಧಾರವಾಡದಿಂದ ಬಂದು ಹಾಸ್ಟೆಲಿನಲ್ಲಿದ್ದ ಕಂಪ್ಯೂಟರ್ ಸೈನ್ಸ್ ಹುಡುಗ. ಮೃದು ಮನಸ್ಸು, ಒಳ್ಳೆಯ ಮಾತುಗಾರ. ಮೊದಲ ದಿನ ಅಡ್ಡಾದಲ್ಲಿ ಒಬ್ಬ ಮುದುಕನ ಸಿಮೆಂಟು ತಿಂದ ಅಂಗೈ ನೋಡಿ ಕಣ್ಣೀರು ಹಾಕಿದ. ಇವನೇ ಮುಂದೆ ಏನಾದರೂ ಮಾಡುತ್ತಾನೆ ಅಂತ ನಾನು ಆವತ್ತೇ ಮನೆಯಲ್ಲಿ ಹೇಳಿದ್ದೆ.

ಎರಡನೆಯವಳು ಬಿ.ಕಾಂ. ಹುಡುಗಿ. ಹುಟ್ಟಿದ್ದು ಪುಣೆಯಲ್ಲೇ. ಮರಾಠಿ ನೀರು ಕುಡಿದಂತೆ ಮಾತಾಡುತ್ತಾಳೆ. ಅಡ್ಡಾಕ್ಕೆ ಬರುವುದಿಲ್ಲ, ಕಾಲೇಜಿನಲ್ಲೇ ಕೂತು ದಾಖಲೆ ಬರೆಯುತ್ತೇನೆ ಅಂದಳು. ಯಾಕೆಂದು ನಾನು ಕೇಳಲಿಲ್ಲ.

ಮೂರನೆಯವನು ಹೋಟೆಲಿನವರ ಮಗ. ಅಜ್ಜ ಉಡುಪಿ ಕಡೆಯಿಂದ ಬಂದು ಪುಣೆಯಲ್ಲಿ ಹೋಟೆಲು ಹಾಕಿದವರು. ಇವನಿಗೆ ಬೇಕಿದ್ದದ್ದು ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್‌ನ ವರ್ಷದ 120 ಗಂಟೆ ಮಾತ್ರ. ಅದನ್ನು ಮುಚ್ಚಿಡದೆ ಹೇಳಿದ. "ಸರ್, ಗಂಟೆ ತುಂಬಿದ ದಿನ ನಾನು ಬಿಡ್ತೇನೆ, ಬೇಜಾರು ಮಾಡ್ಕೋಬೇಡಿ."

ಉಳಿದಿಬ್ಬರಲ್ಲಿ ಒಬ್ಬಳು ಮನಃಶಾಸ್ತ್ರದ ವಿದ್ಯಾರ್ಥಿನಿ. ಇನ್ನೊಬ್ಬ ಎರಡೇ ತಿಂಗಳಲ್ಲಿ ಕ್ರಿಕೆಟ್ ಕ್ಯಾಂಪಿಗೆ ಹೋದವನು ಮರಳಲಿಲ್ಲ.

ನನ್ನ ಮೊದಲ ಭಾಷಣ

ಶುರುವಿನಲ್ಲಿ ನಾನು ಒಂದು ದಿನವಿಡೀ ಸ್ಫೂರ್ತಿಯ ಕತೆ ಹೇಳಿದೆ. ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ ಮತ್ತು ಬಡವರಿಗೆ ಸಣ್ಣ ಸಾಲ ಕೊಡುವ ಅವರ ಗ್ರಾಮೀಣ ಬ್ಯಾಂಕಿಗೆ 2006ರಲ್ಲಿ ಸಿಕ್ಕ ನೊಬೆಲ್ ಶಾಂತಿ ಪ್ರಶಸ್ತಿ. 1995ರಲ್ಲಿ ಸೆಲ್ಕೊ ಶುರು ಮಾಡಿ ಹಳ್ಳಿ ಮನೆಗಳಿಗೆ ಸೌರ ದೀಪ ಕೊಟ್ಟ ಹರೀಶ್ ಹಂದೆ, ಅವರಿಗೆ 2011ರಲ್ಲಿ ಬಂದ ಮ್ಯಾಗ್ಸೆಸೆ ಪ್ರಶಸ್ತಿ. ಎಲ್ಲರೂ ಚಪ್ಪಾಳೆ ಹೊಡೆದರು. ಸಂಜೆ ಹೆಸರಿಲ್ಲದ ಚೀಟಿಯಲ್ಲಿ ಅನಿಸಿಕೆ ಬರೆಸಿದೆ. ಒಂದು ಚೀಟಿಯಲ್ಲಿ ಹೀಗಿತ್ತು: "ಕತೆ ಬಹಳ ಚೆನ್ನಾಗಿತ್ತು. ಇವರೆಲ್ಲ ದೊಡ್ಡವರು. ನಾವು ಸಾಧಾರಣದವರು."

ಆ ಚೀಟಿಯನ್ನು ನಾನು ಆಗ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಈಗ ನೋಡಿದರೆ ಆ ದಿನ ನಡೆದ ನಿಜವಾದ ಸಂಗತಿ ಅದೊಂದೇ ಅನಿಸುತ್ತದೆ. ತುದಿ ತಲುಪಿದವರನ್ನು ತೋರಿಸಿದರೆ ಎಳೆಯರಿಗೆ ಗೌರವ ಬರುತ್ತದೆ. ನಾನೂ ಮಾಡಬಲ್ಲೆ ಅನ್ನುವ ಧೈರ್ಯ ಬರುವುದಿಲ್ಲ.

ಪುಕ್ಕಟೆ ಸೇವೆ ಕುಸಿದದ್ದು

ನಾವು ಪ್ರತಿ ಭಾನುವಾರ ಅಡ್ಡಾದ ಹತ್ತಿರದ ಒಂದು ದೇವಸ್ಥಾನದ ಕಟ್ಟೆಯಲ್ಲಿ ಮೇಜು ಹಾಕಿದೆವು. ಪುಕ್ಕಟೆ ನೋಂದಣಿ. ಹುಡುಗರು ಕನ್ನಡದಲ್ಲಿ ಬೋರ್ಡು ಬರೆದರು. ಮೊದಲ ವಾರ ಜನ ಮುತ್ತಿಕೊಂಡರು. ಎಲ್ಲರ ಬಾಯಲ್ಲೂ ಒಂದೇ ಮಾತು, "ಭಾಂಡಿ ಪೆಟ್ಟಿಗಿ ಕೊಡ್ತೀರೇನ್ರಿ?" ಮಂಡಳಿ ಕೊಡುವ ಪಾತ್ರೆಗಳ ಪೆಟ್ಟಿಗೆಯ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಮಕ್ಕಳ ಓದಿನ ನೆರವು ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ನಾಲ್ಕನೇ ಭಾನುವಾರ ಹೋಟೆಲಿನ ಹುಡುಗ ಪುಸ್ತಕ ತೆಗೆದು ಲೆಕ್ಕ ಹಾಕಿದ. ಕಾಗದ ತರುತ್ತೇವೆ ಅಂತ ಹೇಳಿ ಹೋದವರು 31. ತಂದವರು 6. ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದೆವು. ಜನಕ್ಕೆ ಅರಿವಿಲ್ಲ, ಸಮಯವಿಲ್ಲ, ಇತ್ಯಾದಿ. ಅವನು ನಮ್ಮ ಮಾತು ಕೇಳದೆ ಎದ್ದು ಹೋಗಿ, ಚಹಾ ಕುಡಿಯುತ್ತಿದ್ದ ಒಬ್ಬ ಹಿರಿಯ ಗೌಂಡಿಯನ್ನೇ ಕೇಳಿದ. ಆ ಗೌಂಡಿ ಹೇಳಿದ್ದನ್ನು ನಾನು ಅವತ್ತೇ ಬರೆದಿಟ್ಟುಕೊಂಡೆ:

"ಪುಕ್ಕಟ್ಟೆ ಮಾಡವ್ರು ನಾಕ್ ವಾರ ಬರ್ತಾರ, ಆಮ್ಯಾಲ ಬರಂಗಿಲ್ರಿ. ನಮ್ ಕಾಗದಾ ಎಲ್ಲಿ ಹುಡುಕೂಣು? ರೊಕ್ಕಾ ತಗೊಂಡು ರಶೀದಿ ಕೊಟ್ರ, ಅಂಗಿ ಹಿಡದು ಕೇಳಬೌದು."

ಆಧಾರ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ನಮ್ಮ ಕೈಗೆ ಕೊಡುವ ಮನುಷ್ಯನಿಗೆ ನಮ್ಮನ್ನು ಹಿಡಿದು ಕೇಳುವ ಹಕ್ಕು ಬೇಕಾಗಿತ್ತು. ನಾವು ಕೊಟ್ಟದ್ದು ದಯೆ. ದಯೆಗೆ ರಸೀದಿ ಇರುವುದಿಲ್ಲ, ಅಲ್ವಾ?

ದುಡ್ಡು ತೆಗೆದುಕೊಳ್ಳಬೇಕೇ?

ಮುಂದಿನ ವಾರ ಕಾಲೇಜಿನ ಒಂದು ಖಾಲಿ ಕೋಣೆಯಲ್ಲಿ ಮೂರು ಗಂಟೆ ಜಗಳವಾಯಿತು. ಜಗಳ ಅನ್ನುವ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ಹೋಟೆಲಿನ ಹುಡುಗ 100 ರೂಪಾಯಿ ಶುಲ್ಕ ಇಡೋಣ ಅಂದ. ಕಂಪ್ಯೂಟರ್ ಹುಡುಗ ಮೇಜು ಗುದ್ದಿ, ಬಡವರ ಹತ್ತಿರ ದುಡ್ಡು ಕೀಳುವುದಾದರೆ ನಮಗೂ ಏಜೆಂಟರಿಗೂ ಏನು ವ್ಯತ್ಯಾಸ ಅಂದ. ನಾನೂ ಅವನ ಕಡೆಗೇ ಇದ್ದೆ. ನಮ್ಮ ಕಾಲದ ಎನ್‌ಎಸ್‌ಎಸ್ ಶಿಬಿರಗಳಲ್ಲಿ ಸೇವೆಗೆ ಬೆಲೆ ಕಟ್ಟುವುದು ತಪ್ಪು ಅಂತಲೇ ನಾವು ಕಲಿತದ್ದು.

ಮನಃಶಾಸ್ತ್ರದ ಹುಡುಗಿ ಪುಣೆಯದ್ದೇ ಎರಡು ಉದಾಹರಣೆ ತೆಗೆದಳು. ಒಂದು, ಕಾರ್ಮಿಕ ನಾಯಕ ಬಾಬಾ ಆಢಾವ್ ಅವರ, ಹೊರೆ ಹೊರುವವರ ಸಂಘಟನೆಯಾದ ಹಮಾಲ ಪಂಚಾಯತಿ 1974ರಲ್ಲಿ ಶುರು ಮಾಡಿದ 'ಕಷ್ಟಾಚೀ ಭಾಕರ್', ಅಂದರೆ ದುಡಿಮೆಯ ರೊಟ್ಟಿ. ಹಮಾಲರಿಗೆ ಕಡಿಮೆ ಬೆಲೆಗೆ ಊಟ, ಆದರೆ ಬೆಲೆಗೆ ಊಟ. ತಿನ್ನುವವನು ಕೈ ಚಾಚುವುದಿಲ್ಲ, ಕೊಂಡು ತಿನ್ನುತ್ತಾನೆ. ಇನ್ನೊಂದು, ಸ್ವಚ್ಛ್ ಸಹಕಾರ ಸಂಘ. ಚಿಂದಿ ಆಯುವವರು 1993ರಲ್ಲಿ ಸಂಘಟನೆ ಕಟ್ಟಿಕೊಂಡರು. 2008ರಲ್ಲಿ ಅವರದ್ದೇ ಸಹಕಾರ ಸಂಘ ಮನೆಮನೆಯಿಂದ ಕಸ ತೆಗೆಯುವ ಕೆಲಸಕ್ಕೆ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಪ್ರತಿ ಮನೆಯೂ ತಿಂಗಳಿಗಿಷ್ಟು ಶುಲ್ಕ ಕೊಡುತ್ತದೆ. "ನಮ್ಮ ಮನೆಗೂ ಅವರು ಬರ್ತಾರೆ. ದುಡ್ಡು ಕೊಡದಿದ್ರೆ ಅವರು ನಮ್ಮನ್ನ ಕೇಳ್ತಾರೆ, ಕಸ ತಗೊಳ್ಳದಿದ್ರೆ ನಾವು ಅವರನ್ನ ಕೇಳ್ತೀವಿ" ಅಂದಳು. ಆ ಸಂಘಟನೆ ಶುರುವಾದದ್ದರ ಹಿಂದೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣದ ಕೆಲಸ ಇತ್ತು ಅನ್ನುವುದು ನನಗೆ ಗೊತ್ತಿತ್ತು. ಆದರೂ ಯಾಕೋ ನಾನು ಅದನ್ನು ಮೊದಲ ದಿನದ ಭಾಷಣದಲ್ಲಿ ಹೇಳಿರಲಿಲ್ಲ. ದೂರದ ಢಾಕಾ ನೆನಪಾಗಿತ್ತು, ನಮ್ಮ ಗಲ್ಲಿಯ ಕಸದ ಗಾಡಿ ನೆನಪಾಗಿರಲಿಲ್ಲ.

ಆಗ ಬಿ.ಕಾಂ. ಹುಡುಗಿ ಬಾಯಿ ಬಿಟ್ಟಳು. ಅಲ್ಲಿಯವರೆಗೆ ಸುಮ್ನೆ ಕೂತಿದ್ದಳು. "ನಮ್ಮ ಅಪ್ಪ ಏಜೆಂಟನಿಗೆ 1,800 ಕೊಟ್ಟು ಎರಡು ವರ್ಷ ಕಾದರು. ಕಾರ್ಡು ಬರಲಿಲ್ಲ. ನೂರು ರೂಪಾಯಿಗೆ ರಸೀದಿ ಕೊಡುವವರು ಇದ್ದಿದ್ದರೆ ನಮ್ಮ ಅಪ್ಪ ಅವರ ಕಾಲಿಗೆ ಬೀಳುತ್ತಿದ್ದರು."

ಕೋಣೆ ಗಪ್ಪಾಯಿತು. ಅವಳ ಅಪ್ಪ ಕಟ್ಟಡದ ವಾಚ್‌ಮನ್. ಮೊದಲು ಗೌಂಡಿ. ಅಮ್ಮ ಮನೆಗೆಲಸಕ್ಕೆ ಹೋಗುತ್ತಾರೆ. ಅವಳ ಬಾಲ್ಯ ಕಳೆದದ್ದು ಅಂಥದ್ದೇ ತಗಡಿನ ಶೆಡ್ಡಿನಲ್ಲಿ. ರೇಷನ್ ಅಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಏಳು ವರ್ಷದ ಅವಳೇ ಅಮ್ಮನ ಪರವಾಗಿ ಮರಾಠಿ ಮಾತಾಡುತ್ತಿದ್ದಳು. ಇದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಡ್ಡಾಕ್ಕೆ ಬರುವುದಿಲ್ಲ ಅಂದದ್ದು ಅದಕ್ಕೇ. ಅಲ್ಲಿ ಯಾರಾದರೂ ಗುರುತು ಹಿಡಿದಾರು ಅನ್ನುವ ಹೆದರಿಕೆ.

ಕೊನೆಗೆ ತೀರ್ಮಾನವಾಯಿತು. ಅರ್ಜಿ ಹಾಕುವಾಗ 50 ರೂಪಾಯಿ, ಮಂಜೂರಾದ ಮೇಲೆ 50. ಕನ್ನಡ ಮತ್ತು ಮರಾಠಿ ಎರಡರಲ್ಲೂ ರಸೀದಿ. ಕೆಲಸ ಆಗದಿದ್ದರೆ ಮೊದಲ 50 ವಾಪಸ್. ನಾನು ಮನಸ್ಸಿಲ್ಲದೆ ಒಪ್ಪಿದೆ.

ಇಡ್ಲಿಯ ಲೆಕ್ಕ

ಮುಂದಿನ ಭಾನುವಾರ ಬಿ.ಕಾಂ. ಹುಡುಗಿ ಅಡ್ಡಾಕ್ಕೆ ಬಂದಳು. ಒಬ್ಬ ಹೆಂಗಸು ಅವಳನ್ನೇ ನೋಡುತ್ತ, "ಯವ್ವಾ, ನೀ ನಮ್ ಕಡಿಯಾಕಿ ಕಂಡಂಗ ಕಾಣ್ತಿ" ಅಂದಳು. ಹುಡುಗಿ ಒಂದು ಗಳಿಗೆ ತಡೆದು, ಗೆಳೆಯರೆಲ್ಲ ಕೇಳುವಂತೆ, "ಹೌದ ಬೇ, ನಮ್ದೂ ಭೀಮಾ ದಂಡಿ ಊರ" ಅಂದಳು. ಅದೇ ಧಾಟಿಯಲ್ಲಿ, ಅದೇ ರಾಗದಲ್ಲಿ. ಅವತ್ತು ಮಧ್ಯಾಹ್ನದವರೆಗೆ ಅವಳ ಮುಂದಿನ ಸಾಲು ಕರಗಲಿಲ್ಲ.

ಆ ಹೆಂಗಸಿಗೆ ಇಬ್ಬರು ಮಕ್ಕಳು, ಒಬ್ಬ ಐದನೇ ತರಗತಿ, ಒಬ್ಬಳು ಒಂಬತ್ತನೇ ತರಗತಿ. ನೋಂದಣಿ ಆಯಿತು. ಮಕ್ಕಳ ಅರ್ಜಿಯೂ ಹೋಯಿತು. ಕೆಲವು ತಿಂಗಳ ಮೇಲೆ ಒಂದು ರಾತ್ರಿ ಹುಡುಗಿ ನನಗೆ ಫೋನ್ ಮಾಡಿದಳು. ಆ ಹೆಂಗಸಿನ ಖಾತೆಗೆ 7,500 ಬಂದಿತ್ತು. "ಸರ್, ನಾನು ಮಾಡಿದ ಅರ್ಜಿ. ನನ್ನ ಕೈಯಿಂದ ಆದದ್ದು" ಅಂತ ಎರಡು ಸಲ ಹೇಳಿದಳು. ಅವಳ ದಾರಿ ತಿರುಗಿದ ಜಾಗ ಯಾವುದು ಅಂತ ಕೇಳಿದರೆ ನಾನು ಆ ಫೋನನ್ನೇ ತೋರಿಸುತ್ತೇನೆ.

ಹೋಟೆಲಿನ ಹುಡುಗನದ್ದು ಬೇರೆ ರೀತಿ. ಅವನ ಅಪ್ಪ ಅವನನ್ನು ಕೂರಿಸಿಕೊಂಡು ಇಡ್ಲಿಯ ಲೆಕ್ಕ ಹೇಳಿಕೊಟ್ಟರಂತೆ. ಅಕ್ಕಿ ಉದ್ದಿನ ಬೆಲೆ ಮಾತ್ರ ಹಿಡಿದರೆ ಹೋಟೆಲು ಮುಚ್ಚುತ್ತದೆ. ಗ್ಯಾಸು, ತಟ್ಟೆ ತೊಳೆಯುವವನ ಸಂಬಳ, ಒಡೆದ ಲೋಟ, ಎಲ್ಲ ಒಂದು ಇಡ್ಲಿಯೊಳಗೆ ಬರಬೇಕು. ಹುಡುಗ ಒಂದು ನೋಂದಣಿಗೂ ಹಾಗೇ ಲೆಕ್ಕ ಹಾಕಿದ. ಪ್ರಿಂಟು, ಫೋನು, ಓಡಾಟ, ಎರಡು ತಾಸಿನ ಶ್ರಮ ಸೇರಿ 140 ರೂಪಾಯಿ. ನಾವು ಪಡೆಯುವುದು 100. ಪ್ರತಿ ನೋಂದಣಿಗೆ 40 ನಷ್ಟ. ಆದರೆ ನವೀಕರಣ ಪ್ರತಿ ವರ್ಷ ಇರುತ್ತದೆ. ಕಾಗದವೆಲ್ಲ ನಮ್ಮ ಹತ್ತಿರ ಇದ್ದರೆ ಅದಕ್ಕೆ ಖರ್ಚು 40 ಮಾತ್ರ. "ಸರ್, ಇವರು ಒಮ್ಮೆ ತಿಂದು ಹೋಗುವ ಗಿರಾಕಿ ಅಲ್ಲ, ತಿಂಗಳ ಊಟದವರು" ಅಂದ. ಎರಡನೇ ವರ್ಷ ವಾಪಸ್ ಬಂದರೆ ಮಾತ್ರ ಇದು ನಿಲ್ಲುತ್ತದೆ. ಅವರು ಬರಬೇಕಾದರೆ ಮೊದಲ ವರ್ಷದ ಕೆಲಸ ನಂಬಿಕೆಯದ್ದಾಗಿರಬೇಕು. ಅಷ್ಟು ಹೊತ್ತಿಗೆ ಅವನ 120 ಗಂಟೆ ಮುಗಿದು ಬಹಳ ದಿನವಾಗಿತ್ತು. ಅವನು ಬಿಟ್ಟಿರಲಿಲ್ಲ.

90 ದಿನದ ಸಹಿ

ದೊಡ್ಡ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಅರ್ಜಿಗೆ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ನಾವು ಅದಕ್ಕೆ ನೆಚ್ಚಿದ್ದು ಗುತ್ತಿಗೆದಾರರ ಸಹಿಯನ್ನು. ಒಬ್ಬರೂ ಹಾಕಲು ತಯಾರಿಲ್ಲ. ಸಣ್ಣ ಗುತ್ತಿಗೆದಾರರಲ್ಲಿ ಹಾಜರಿ ಪುಸ್ತಕವೇ ಇರುವುದಿಲ್ಲ. ಕೂಲಿಗಳ ಮೇಸ್ತ್ರಿಯಾದ ಮುಕಾದಮನ ಡೈರಿ, ಸಿಗರೇಟಿನ ಪಾಕೀಟಿನ ಹಿಂದೆ ಬರೆದ ಅಂಕಿ, ಅಷ್ಟೇ. ಸಹಿ ಹಾಕಿದರೆ ನಾಳೆ ಯಾರಾದರೂ ಬಂದು ಸೆಸ್ಸು, ಪಿಎಫ್ ಕೇಳಿದರೆ ಅನ್ನುವ ಭಯ. ಕಾರ್ಮಿಕರಾದರೂ ತೊಗರಿ ರಾಶಿಗೆ ಊರಿಗೆ ಹೋಗಿ ಬಂದವರು, ದಿನ ಎಣಿಸಿಟ್ಟಿರಲಿಲ್ಲ. ಆ ಮಳೆಗಾಲದಲ್ಲಿ ನಮ್ಮ 40ಕ್ಕೂ ಹೆಚ್ಚು ಅರ್ಜಿ ಸಿಕ್ಕಿಬಿದ್ದವು. ಹುಡುಗರು 50 ರೂಪಾಯಿಗಳನ್ನು ವಾಪಸ್ ಕೊಡತೊಡಗಿದರು. ಕೈಯಿಂದ ದುಡ್ಡು ಹೋಯಿತು. ಆಶ್ಚರ್ಯವೆಂದರೆ, ವಾಪಸ್ ಕೊಟ್ಟದ್ದೇ ಅಡ್ಡಾದಲ್ಲಿ ದೊಡ್ಡ ಸುದ್ದಿಯಾಯಿತು. ದುಡ್ಡು ತಿರುಗಿ ಕೊಟ್ಟವರನ್ನು ಅವರು ಮೊದಲು ಕಂಡಿರಲಿಲ್ಲ.

ಆ ಹೊತ್ತಿಗೆ ಕಂಪ್ಯೂಟರ್ ಹುಡುಗ ಪತ್ರಿಕೆಗೆ ಬರೆಯೋಣ, ಗುತ್ತಿಗೆದಾರರನ್ನು ಬಯಲಿಗೆಳೆಯೋಣ ಅಂದ. ಅದು ತಪ್ಪು ಮಾತಲ್ಲ. ಬಿ.ಕಾಂ. ಹುಡುಗಿ ಬೇರೆ ದಾರಿ ಹುಡುಕಿದಳು. ಅವಳು ಒಬ್ಬ ಸಣ್ಣ ಗುತ್ತಿಗೆದಾರನ ಬಳಿ ಹೋಗಿ, ಬಿಲ್ಡರನಿಂದ ಬಿಲ್ಲು ಪಾಸಾಗುವುದು ಯಾಕೆ ತಡವಾಗುತ್ತದೆ ಅಂತ ಕೇಳಿದಳು. ಎಷ್ಟು ಜನ, ಎಷ್ಟು ದಿನ ಅಂತ ಸರಿಯಾದ ದಾಖಲೆ ಇಲ್ಲದ್ದಕ್ಕೆ ಪ್ರತಿ ತಿಂಗಳು ಜಗಳ ಅಂದ ಆತ. ಹಾಗಾದರೆ ನಿಮ್ಮ ಹಾಜರಿ ಪುಸ್ತಕ ನಾನು ಬರೆಯುತ್ತೇನೆ, ತಿಂಗಳಿಗೆ 2,500 ಕೊಡಿ ಅಂದಳು. ಎರಡು ಷರತ್ತು. ಪ್ರತಿ ಕೆಲಸಗಾರನ ಕೈಯಲ್ಲೂ ಅವನದೇ ಹಾಜರಿಯ ಒಂದು ಸಣ್ಣ ಕನ್ನಡ ಪುಸ್ತಕ ಇರಬೇಕು. ಯಾರಿಗೆ 90 ದಿನ ತುಂಬುತ್ತದೋ ಅವರಿಗೆ ಸಹಿ ಹಾಕಬೇಕು.

ಲೆಕ್ಕಶಾಸ್ತ್ರದ ಪಾಠವನ್ನು ನಾವು ವರ್ಷವರ್ಷ ಕಲಿಸುತ್ತೇವೆ. ಅದು ಹೀಗೆ ಕೆಲಸಕ್ಕೆ ಬರುವುದನ್ನು ನಾನು ನೋಡಿದ್ದು ಅವತ್ತೇ. ಗುತ್ತಿಗೆದಾರನಿಗೆ ಬಿಲ್ಲು ಬೇಗ ಆಗುತ್ತದೆ. ಕೆಲಸಗಾರನಿಗೆ ಪಗಾರದ ತಕರಾರು ಕಡಿಮೆಯಾಗುತ್ತದೆ, ಸಹಿಯೂ ಸಿಗುತ್ತದೆ. ದುಡ್ಡು ಕೊಡಬಲ್ಲವನು ದುಡ್ಡು ಕೊಡುತ್ತಾನೆ. ಮೊದಲ ವರ್ಷದ ಕೊನೆಗೆ ಅಂಥ ನಾಲ್ವರು ಗುತ್ತಿಗೆದಾರರಾದರು. ಇಬ್ಬರು ಮುಂದೆ ಹಾಜರಿ ಕಡಿಮೆ ತೋರಿಸಿ ಅಂತ ಒತ್ತಾಯ ಮಾಡಿದರು. ಹುಡುಗಿ ಒಪ್ಪಲಿಲ್ಲ, ಅವರು ಬಿಟ್ಟು ಹೋದರು. ಅವತ್ತು ತಿಂಗಳಿಗೆ 5,000 ಕಳೆದುಕೊಂಡರು. ಅದನ್ನು ಚರ್ಚೆಗೇ ತರಲಿಲ್ಲ, ನನಗೆ ತಿಳಿದದ್ದು ಒಂದು ವಾರದ ಮೇಲೆ.

ಪ್ಲೇಸ್‌ಮೆಂಟಿನ ತಿಂಗಳು

ಮೂರನೇ ವರ್ಷ ಪ್ಲೇಸ್‌ಮೆಂಟ್ ಬಂತು. ಹಾಸ್ಟೆಲಿನಲ್ಲಿ ಪ್ಯಾಕೇಜಿನ ಮಾತು ಬಿಟ್ಟರೆ ಬೇರೆ ಮಾತಿಲ್ಲದ ದಿನಗಳು.

ಕಂಪ್ಯೂಟರ್ ಹುಡುಗನಿಗೆ ಹಿಂಜವಡಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸೇರಿದ. ಹೊರಡುವ ಮುನ್ನ ನನ್ನ ಹತ್ತಿರ ಬಂದು, ತಪ್ಪು ಮಾಡಿದವನಂತೆ ನಿಂತು ಹೇಳಿದ: "ಸರ್, ನನಗೆ ಅವರನ್ನ ನೋಡಿದ್ರೆ ಇವತ್ತಿಗೂ ಹೊಟ್ಟೆ ಕಿವುಚುತ್ತೆ. ಆದ್ರೆ ನನ್ನಿಂದ ಏನು ಬದಲಾಗುತ್ತೆ ಅಂತ ನನಗೆ ಗೊತ್ತಾಗ್ಲೇ ಇಲ್ಲ."

ಅವನ ಮನೆಯಲ್ಲಿ ಓದಿನ ಸಾಲ ಇತ್ತು, ಅಕ್ಕನ ಮದುವೆ ಇತ್ತು. ಅದೆಲ್ಲ ನಿಜವಾದ ಕಾರಣವೇ. ಆದರೆ ಅವನ ಆ ಮಾತು ನನ್ನನ್ನು ಬಿಡಲಿಲ್ಲ. ಹಳೆಯ ಪುಸ್ತಕ ತೆಗೆದು ನೋಡಿದೆ. ಕಂಪ್ಯೂಟರ್ ಬರುತ್ತದೆ ಅಂತ ನಾನು ಅವನನ್ನು ಎರಡನೇ ತಿಂಗಳಿಗೇ ಲ್ಯಾಬಿನಲ್ಲಿ ಕೂರಿಸಿದ್ದೆ. ಪೋಸ್ಟರು, ಸ್ಪ್ರೆಡ್‌ಶೀಟು, ವೆಬ್‌ಸೈಟು. ಎರಡು ವರ್ಷದಲ್ಲಿ ಒಂದೇ ಒಂದು ಅರ್ಜಿಯನ್ನೂ ಅವನು ಶುರುವಿನಿಂದ ಮಂಜೂರಾಗುವ ತನಕ ಹಿಡಿದು ನಡೆಸಿರಲಿಲ್ಲ. ಬಿ.ಕಾಂ. ಹುಡುಗಿಗೆ ಬಂದಂಥ ರಾತ್ರಿಯ ಫೋನು ಅವನಿಗೆ ಬರಲೇ ಇಲ್ಲ. ಎಲ್ಲರಿಗಿಂತ ಜಾಸ್ತಿ ಮರುಕ ಇದ್ದವನಿಗೆ ಆ ಮರುಕದಿಂದ ಏನಾದರೂ ಆಗುವುದನ್ನು ನೋಡುವ ಅವಕಾಶ ನಾನು ಕೊಡಲಿಲ್ಲ. ಇದು ನನ್ನ ತಪ್ಪು.

ಈ ವಿಷಯದ ಸಂಶೋಧನೆಗಳನ್ನು ನಾನು ಮತ್ತೆ ಓದಿದ್ದು ಆಗ. 2006ರಲ್ಲಿ ಮೈರ್ ಮತ್ತು ನೊಬೋವಾ ಅನ್ನುವ ಇಬ್ಬರು ಸಂಶೋಧಕರು ಸಾಮಾಜಿಕ ಉದ್ಯಮದ ಇರಾದೆ ಹೇಗೆ ಹುಟ್ಟುತ್ತದೆ ಅನ್ನುವುದಕ್ಕೆ ಒಂದು ಮಾದರಿ ಕೊಟ್ಟರು. ಪರರ ನೋವು ತಿಳಿಯುವುದು, ಸರಿ ತಪ್ಪು ತೂಗುವ ನೈತಿಕ ವಿವೇಚನೆ, ನನ್ನಿಂದ ಆಗುತ್ತದೆ ಅನ್ನುವ ನಂಬಿಕೆ, ಸುತ್ತಲಿನವರ ಬೆಂಬಲ. ಕೋಪನ್‌ಹೇಗನ್‌ನ ಕಾಯ್ ಹಾಕರ್ಟ್ಸ್ 2017ರಲ್ಲಿ ಅದಕ್ಕೆ ಇನ್ನೊಂದನ್ನು ಸೇರಿಸಿ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಅದು ಸಾಮಾಜಿಕ ಸಮಸ್ಯೆಗಳೊಂದಿಗಿನ ಹಿಂದಿನ ಒಡನಾಟ. ಇರಾದೆಯ ಮೇಲೆ ಎಲ್ಲಕ್ಕಿಂತ ಜಾಸ್ತಿ ಪರಿಣಾಮ ಬೀರಿದ್ದು ನನ್ನಿಂದ ಆಗುತ್ತದೆ ಅನ್ನುವ ನಂಬಿಕೆ. ಒಡನಾಟದಿಂದ ಎಲ್ಲಕ್ಕಿಂತ ಹೆಚ್ಚು ಬೆಳೆದದ್ದೂ ಅದೇ. ಈ ಪ್ರಬಂಧವನ್ನು ನಾನು ಪಾಠದಲ್ಲಿ ಹೇಳಿಕೊಟ್ಟವನು. ನನ್ನದೇ ಐವರಲ್ಲಿ ಅದನ್ನು ಗುರುತಿಸಲು ಎರಡು ವರ್ಷ ಬೇಕಾಯಿತು.

ಆದರೆ ಒಂದು ಮಾತು. ಹಿಂದಿನ ಒಡನಾಟ ಅಂದರೆ ಅದು ಯಾವಾಗಲೂ ಮುಂದಕ್ಕೆ ತಳ್ಳುತ್ತದೆ ಅಂತ ತಿಳಿಯಬಾರದು. ಬಿ.ಕಾಂ. ಹುಡುಗಿಗೆ ಆ ಒಡನಾಟ ನಮ್ಮೆಲ್ಲರಿಗಿಂತ ಜಾಸ್ತಿ ಇತ್ತು. ಅದೇ ಅವಳನ್ನು ಮೊದಲು ಹಿಂದಕ್ಕೆ ಎಳೆದಿತ್ತು. ಬಡತನದಿಂದ ಹೊರಗೆ ಬರಲೆಂದೇ ಓದಿದವಳಿಗೆ ಮತ್ತೆ ಅಲ್ಲಿಗೇ ಹೋಗು ಅನ್ನುವುದು ಸಣ್ಣ ಮಾತಲ್ಲ. ಅವಳ ಹಳೆಯ ನೋವು ಒಂದು ವಿದ್ಯೆ ಅನಿಸಿಕೊಂಡದ್ದು ಅದು ಕೆಲಸಕ್ಕೆ ಬಂದ ಮೇಲೆಯೇ.

ಮನೆಯ ಒಪ್ಪಿಗೆ

ಹೋಟೆಲಿನ ಹುಡುಗ, ಬಿ.ಕಾಂ. ಹುಡುಗಿ ಇಬ್ಬರೂ ಇದನ್ನೇ ಕೆಲಸ ಮಾಡಿಕೊಳ್ಳುತ್ತೇವೆ ಅಂದರು. ಇನ್ನು ಮನೆಯವರು. ಹೋಟೆಲಿನ ಹುಡುಗನ ಅಪ್ಪ ಮೊದಲು ಕೂಗಾಡಿದರು. ಆಮೇಲೆ ಮಗ ಎರಡು ವರ್ಷದ ಲೆಕ್ಕದ ಪುಸ್ತಕ ಮುಂದಿಟ್ಟ. ಅಪ್ಪ ರಾತ್ರಿ ಹೋಟೆಲು ಮುಚ್ಚಿದ ಮೇಲೆ ಕೂತು ಪುಟಪುಟ ನೋಡಿದರಂತೆ. ಬೆಳಗ್ಗೆ ಒಂದೇ ಮಾತು: "ನವೀಕರಣದ ಸಾಲು ಸರಿಯಿದೆ. ಎರಡು ವರ್ಷ ನೋಡು. ಗಲ್ಲಾಕ್ಕೆ ಕೈ ಹಾಕಬೇಡ." ಹೋಟೆಲಿನ ಹಿಂದಿನ ಕೋಣೆಯನ್ನು ಆಫೀಸಿಗೆ ಕೊಟ್ಟರು. ಅವರಿಗೆ ಸಮಾಜ ಸೇವೆಯ ಭಾಷೆ ಅರ್ಥವಾಗುತ್ತಿರಲಿಲ್ಲ, ಲೆಕ್ಕದ ಭಾಷೆ ಅರ್ಥವಾಯಿತು. ಎಷ್ಟೋ ವಿದ್ಯಾರ್ಥಿಗಳು ಮನೆಯಲ್ಲಿ ಸೇವೆಯ ಭಾಷೆಯಲ್ಲೇ ವಾದ ಮಾಡಿ ಸೋಲುತ್ತಾರೆ.

ಬಿ.ಕಾಂ. ಹುಡುಗಿಯ ಮನೆಯಲ್ಲಿ ಅಷ್ಟು ಸುಲಭವಿರಲಿಲ್ಲ. ಅಮ್ಮನಿಗೆ ಮಗಳು ಬ್ಯಾಂಕಿನ ಪರೀಕ್ಷೆ ಬರೆಯಬೇಕು, ಕುರ್ಚಿಯ ಮೇಲೆ ಕೂರಬೇಕು. ನಾನು ಅವರ ಮನೆಗೆ ಹೋದೆ. ಅಮ್ಮ ಚಹಾ ಕೊಟ್ಟು ನೇರವಾಗಿ ಕೇಳಿದರು: "ಸರ, ನಿಮ್ ಮಗಳಿದ್ರ ಕಳಸ್ತಿದ್ರೇನ್ರಿ ಅಡ್ಡಾಕ್ಕ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಳ್ಳು ಹೇಳಲಿಲ್ಲ, ಸುಮ್ಮನಿದ್ದೆ. ಆಮೇಲೆ ಅಪ್ಪ ಹೇಳಿದರು, ಎರಡು ಯುಗಾದಿ ನೋಡೋಣ, ತಿಂಗಳಿಗೆ ಗಟ್ಟಿ ಸಂಬಳ ಬರಬೇಕು, ಇಲ್ಲದಿದ್ದರೆ ಪರೀಕ್ಷೆ. ಕಷ್ಟದ ಮನೆಯ ಮಕ್ಕಳನ್ನು ಇಂಥ ದಾರಿಗೆ ಕರೆಯುವಾಗ ಸಂಬಳದ ಮಾತು ಮೊದಲೇ ಆಗಬೇಕು. ತ್ಯಾಗ ಮಾಡು ಅಂತ ನಾವು ಯಾರಿಗೆ ಹೇಳುತ್ತಿದ್ದೇವೆ ಅನ್ನುವುದನ್ನು ನೋಡಬೇಕು. ಇದನ್ನು ನಾನು ಬಹಳ ಗಟ್ಟಿಯಾಗಿ ನಂಬುತ್ತೇನೆ.

ಈಗ

ಇಬ್ಬರೂ ಸೇರಿ 2013ರ ಕಂಪನಿ ಕಾಯ್ದೆಯ ಸೆಕ್ಷನ್ 8ರ ಕೆಳಗೆ ಒಂದು ಕಂಪನಿ ನೋಂದಾಯಿಸಿದರು. ಲಾಭ ಬಂದರೆ ಹಂಚಿಕೊಳ್ಳುವಂತಿಲ್ಲ, ಕೆಲಸಕ್ಕೇ ಹಾಕಬೇಕು. ಸಂಬಳ ತೆಗೆದುಕೊಳ್ಳಬಹುದು. ತಲಾ 14,000 ತೆಗೆದುಕೊಳ್ಳುತ್ತಾರೆ. ಈಗ 11 ಗುತ್ತಿಗೆದಾರರ ಹಾಜರಿ ಪುಸ್ತಕ ಅವರ ಹತ್ತಿರ ಇದೆ. ಅದರಿಂದ ಬರುವ 27,500ರಲ್ಲಿ ಸಂಬಳ ಹೆಚ್ಚುಕಡಿಮೆ ಹೊರಡುತ್ತದೆ. ನೋಂದಣಿ ಮತ್ತು ನವೀಕರಣದ ಶುಲ್ಕದಲ್ಲಿ ಉಳಿದ ಖರ್ಚು. ಮೂರನೆಯ ಒಬ್ಬರನ್ನು ಇಟ್ಟುಕೊಳ್ಳುವಷ್ಟು ಇನ್ನೂ ಇಲ್ಲ. ಮಳೆಗಾಲದಲ್ಲಿ ಕೆಲಸ ನಿಂತರೆ ಎರಡು ತಿಂಗಳು ಬಿಗಿ.

ಮನಃಶಾಸ್ತ್ರದ ಹುಡುಗಿ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಬಗ್ಗೆ ವಿಚಾರಿಸಿದ್ದಳು. ಅಲ್ಲಿ 2007ರಲ್ಲೇ ಸಾಮಾಜಿಕ ಉದ್ಯಮಶೀಲತೆಯ ಎಂ.ಎ. ಶುರುವಾಗಿತ್ತು. ಕೊನೆಗೆ ಅವಳು ಮಕ್ಕಳ ಆಪ್ತಸಲಹೆ ಆರಿಸಿಕೊಂಡಳು. ಕಂಪ್ಯೂಟರ್ ಹುಡುಗ ಶನಿವಾರ ಹೋಟೆಲಿನ ಹಿಂದಿನ ಕೋಣೆಗೆ ಬರುತ್ತಾನೆ. ಯಾರ ನವೀಕರಣ ಯಾವಾಗ ಅಂತ ಕನ್ನಡದಲ್ಲಿ ನೆನಪಿಸುವ ಸಂದೇಶದ ವ್ಯವಸ್ಥೆ ಅವನದ್ದೇ. ಹೋದ ತಿಂಗಳು ಅವನಿಗೆ ಹೇಳಿದೆ, ಈ ಸಲ ಒಂದು ಅರ್ಜಿಯನ್ನು ನೀನೇ ಕೊನೆಯ ತನಕ ಹಿಡಿ ಅಂತ. ಹಿಡಿದಿದ್ದಾನೆ. ಒಬ್ಬ ಸೆಂಟ್ರಿಂಗ್ ಕೆಲಸದವನದ್ದು, ಹೆಂಡತಿಯ ಹೆರಿಗೆಯ ನೆರವು. ಇನ್ನೂ ಮಂಜೂರಾಗಿಲ್ಲ. ವಾರಕ್ಕೆರಡು ಸಲ ಫೋನ್ ಮಾಡಿ ಎಲ್ಲಿಗೆ ಬಂತು ಅಂತ ಹೇಳುತ್ತಾನೆ.

ಹೊಸ ವರ್ಷದ ಮಕ್ಕಳಿಗೆ ನಾನು ಮೊದಲ ದಿನ ಭಾಷಣ ಮಾಡುವುದಿಲ್ಲ. ಒಂದು ರಸೀದಿ ಪುಸ್ತಕ ಕೊಟ್ಟು ಬೆಳಗ್ಗೆ ಏಳೂವರೆಗೆ ಅಡ್ಡಾಕ್ಕೆ ಕಳಿಸುತ್ತೇನೆ. ಒಬ್ಬೊಬ್ಬರಿಗೆ ಒಂದೊಂದು ಮನೆ, ಒಂದೊಂದು ಅರ್ಜಿ, ಕೊನೆಯ ತನಕ.

ಬಿ.ಕಾಂ. ಹುಡುಗಿಗೆ ಕೊಟ್ಟ ಎರಡನೇ ಯುಗಾದಿ ಬರುವ ವರ್ಷ. ಬ್ಯಾಂಕ್ ಪರೀಕ್ಷೆಯ ದಪ್ಪ ಪುಸ್ತಕ ಅವರ ಮನೆಯ ಗೂಡಿನಲ್ಲಿ ಟಿವಿಯ ಪಕ್ಕ ಇನ್ನೂ ಇದೆ. ಅಮ್ಮ ಪ್ರತಿ ವಾರ ಅದರ ಧೂಳು ಒರೆಸಿ ಅಲ್ಲೇ ಇಡುತ್ತಾರೆ. ಮಗಳೂ ಅದನ್ನು ಯಾರಿಗೂ ಕೊಟ್ಟಿಲ್ಲ.